ಬೆನ್ನುಚೀಲದ ಜೋಡಿ

ಸೂಟ್‌ಕೇಸು, ಕ್ರೂಸರ್ ಗಾಡಿ, ಹದಿಮೂರು ಮಂದಿ ಬಂಧುಬಳಗ, ಈ ಮೂರನ್ನೂ ಊರಲ್ಲೇ ಬಿಟ್ಟು ಪರಊರು ನೋಡಲು ಹೊರಡುವ ಗಂಡಹೆಂಡಿರಿಗೆ ಬೆನ್ನುಚೀಲದ ಜೋಡಿ ಎಂದು ಹೆಸರು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಈ ಜಾತಿ ಹೊಸದು. ಜಿಲ್ಲೆಯೂ ಹೊಸದೇ, 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಪಾಲು ತಗೊಂಡು ಬೇರೆಯಾಯಿತು. ಬೇರೆ ಮನೆ ಮಾಡಿದವರಿಗೆ ತಿರುಗಾಟದ ಚಟ ಬೇಗ ಹತ್ತುತ್ತದೆ ಎಂದು ಹಿರಿಯರು ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ.

ಸಗರನಾಡು ಎನಿಸಿಕೊಂಡ ಈ ಸೀಮೆಯವರು ಇದಕ್ಕೆ ಮುಂಚೆ ಸಮುದ್ರ ನೋಡಿರಲಿಲ್ಲವೆಂದಲ್ಲ, ನೋಡುವ ಕ್ರಮ ಬೇರೆ ಇತ್ತು. ರಾತ್ರಿ ಊಟವಾದ ಮೇಲೆ ಹೊರಟ ಕ್ರೂಸರಿನಲ್ಲಿ ಹದಿನೈದು ಮಂದಿ, ಒಂದು ಗ್ಯಾಸ್ ಸಿಲಿಂಡರು, ಒಂದು ಬುಟ್ಟಿ ರೊಟ್ಟಿ. ಧರ್ಮಸ್ಥಳ, ಕುಕ್ಕೆ, ಉಡುಪಿ, ಗೋಕರ್ಣ, ಎಲ್ಲವೂ ನಾಲ್ಕು ದಿನದಲ್ಲಿ ಮುಗಿಯಬೇಕು. ಉಡುಪಿ ದಾಟಿ ಗೋಕರ್ಣದ ಕಡೆ ಹೋಗುವಾಗ ಸಮುದ್ರ ಗಾಡಿಯ ಎಡಗಡೆ ಬರುತ್ತಿತ್ತು. ಎಡಗಡೆ ಕೂತವರು ನೋಡಿದರು, ಬಲಗಡೆ ಕೂತವರು ಅವರಿಂದ ಕೇಳಿ ತಿಳಿದರು. ಹಿಂದಿನ ಸೀಟಿನಲ್ಲಿ ಸಿಲಿಂಡರ್ ಹಿಡಿದುಕೊಂಡಿದ್ದ ಅಳಿಯನಿಗೆ ಎರಡೂ ಇರಲಿಲ್ಲ. ಆ ಅಳಿಯನೇ ಮುಂದೆ ಬೆನ್ನುಚೀಲ ಕೊಳ್ಳುತ್ತಾನೆ.

ಇವರು ಸಾಮಾನ್ಯವಾಗಿ ಇಬ್ಬರೂ ದುಡಿಯುವವರು. ಗಂಡ ಹೈಸ್ಕೂಲ್ ಮಾಸ್ತರನಾದರೆ ಹೆಂಡತಿ ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಇರುತ್ತಾಳೆ. ಇಲ್ಲವೆಂದರೆ ಒಬ್ಬರು ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ, ಇನ್ನೊಬ್ಬರು ತಾಲ್ಲೂಕು ಪಂಚಾಯ್ತಿಯಲ್ಲಿ. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಟ್ಟ ಸಂವಿಧಾನದ 371 (ಜೆ) ಬಂದ ಮೇಲೆ ನೌಕರಿ ಹತ್ತಿದವರಲ್ಲಿ ಇಂಥ ಜೋಡಿಗಳು ಹೆಚ್ಚು. ಮದುವೆಯಾಗಿ ಎರಡು ವರ್ಷದೊಳಗಿರಬೇಕು, ಇಲ್ಲವೇ ಮಕ್ಕಳು ಹಾಸ್ಟೆಲ್ಲಿಗೆ ಹೋಗಿರಬೇಕು. ನಡುವಿನ ಹದಿನೈದು ವರ್ಷ ಬೆನ್ನ ಮೇಲೆ ಬೇರೆ ಭಾರ ಇರುವುದರಿಂದ ಚೀಲಕ್ಕೆ ಜಾಗವಿರುವುದಿಲ್ಲ.

ಮೂರು ಊರುಗಳ ಜೋಡಿಗಳಲ್ಲಿ ಮೂರು ಬಗೆ. ಹೊರಗಿನವರಿಗೆ ಒಂದೇ ಥರ ಕಂಡರೂ ಒಳಗಿನವರಿಗೆ ನೂರು ಹೆಜ್ಜೆಯಿಂದಲೇ ಗುರುತು ಸಿಗುತ್ತದೆ.

ಯಾದಗಿರಿಯವನು ರೈಲಿನ ಮನುಷ್ಯ. ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಂದಿನಿಂದ ಯಾದಗಿರಿಗೆ ಗಡಿಯಾರಕ್ಕಿಂತ ಗಾಡಿಯ ಮೇಲೆ ಭರವಸೆ. ಮನೆಯಲ್ಲಿ ಕೂತೇ ಸದ್ದಿನ ಮೇಲೆ ಇದು ಎಕ್ಸ್‌ಪ್ರೆಸ್ಸು, ಇದು ಗೂಡ್ಸು ಎನ್ನಬಲ್ಲ. ಮಂಗಳೂರಿಗೆ ಹೋಗುವುದಕ್ಕೂ ಗುಂತಕಲ್ಲಿನಲ್ಲಿ ಇಳಿದು, ಮತ್ತೆರಡು ಕಡೆ ಹತ್ತಿ ಇಳಿದು, ಎರಡು ರಾತ್ರಿ ಪ್ಲಾಟ್‌ಫಾರ್ಮಿನ ಮೇಲೆ ಕಳೆಯುವ ಒಂದು ದಾರಿಯನ್ನು ಹುಡುಕಿ ತೆಗೆಯುತ್ತಾನೆ. ಹೆಂಡತಿ ಬಸ್ಸಿನ ಹೊತ್ತು ಕೇಳಿಕೊಂಡು ಬರುತ್ತಾಳೆ. ಊರಿನ ನೆತ್ತಿಯ ಮೇಲೇ ಕೋಟೆಯ ಗುಡ್ಡವಿದೆ; ಒಂಬತ್ತನೇ ಇಯತ್ತೆಯ ಪ್ರವಾಸದ ನಂತರ ಅವನು ಅದನ್ನು ಹತ್ತಿದ್ದಿಲ್ಲ.

ಶಹಾಪುರದವನ ಕಣ್ಣಿಗೆ ಒಂದು ದೋಷವಿದೆ. ಅವನ ಊರಿನ ಕಲ್ಲುಗುಡ್ಡಗಳ ಸಾಲು ರಸ್ತೆಯಿಂದ ನೋಡಿದರೆ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ, ಎಲ್ಲವೂ ತಿದ್ದಿದಂತೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದವನು ಯಾವ ಸೀಮೆಯ ಯಾವ ಗುಡ್ಡ ಕಂಡರೂ ಮೊದಲು ಮೂಗು ಹುಡುಕುತ್ತಾನೆ. ಸಿಗದಿದ್ದರೆ ‘ಇದೇನ್ ಗುಡ್ಡರೀ’ ಎಂದು ಮುಂದಕ್ಕೆ ಹೋಗುತ್ತಾನೆ. ನೀರು ಎಷ್ಟೇ ಇರಲಿ, ನದಿಯಾಗಲಿ ಸಮುದ್ರವಾಗಲಿ, ಅದನ್ನು ಕಾಲುವೆಯ ಲೆಕ್ಕದಲ್ಲೇ ಅಳೆಯುವುದು ಅವನ ಇನ್ನೊಂದು ಗುಣ. ನಾರಾಯಣಪುರದ ಎಡದಂಡೆ ಕಾಲುವೆ ಬಂದು ಜೋಳದ ಹೊಲ ಭತ್ತದ ಗದ್ದೆಯಾದುದನ್ನು ಕಂಡವನಿಗೆ ನೀರೆಂದರೆ ಮೊದಲು ನೆನಪಾಗುವುದು ಪಾಳಿ, ಆಮೇಲೆ ಅಲೆ.

ಸುರಪುರದವರದು ಇತಿಹಾಸ. ಈ ಊರಿನ ಗಂಡನೋ ಹೆಂಡತಿಯೋ ಬೇರೆ ಊರಿನ ಚರಿತ್ರೆ ಕೇಳಿಸಿಕೊಳ್ಳುವ ಮುಂಚೆ ತಮ್ಮ ಊರಿನದನ್ನು ಹೇಳಿ ಮುಗಿಸುತ್ತಾರೆ. ನಾಯಕ ಅರಸರು, ರಾಜಾ ವೆಂಕಟಪ್ಪ ನಾಯಕ, 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಜೊತೆ ಆದ ಕಾಳಗ, ಗುಡ್ಡದ ಮೇಲಿನ ಟೇಲರ್ ಮಂಜಿಲ್, ಬಂಗಾರದ ಬಣ್ಣದ ಸುರಪುರ ಚಿತ್ರಗಳು, ಇಷ್ಟೂ ಒಂದು ಚಹಾದ ಅವಧಿಯಲ್ಲಿ ಮುಗಿಯುತ್ತವೆ. ಎದುರಿಗಿರುವವನು ಎರಡನೇ ಚಹಾ ಹೇಳಿದರೆ ಔರಂಗಜೇಬನೂ ಬರುತ್ತಾನೆ. ಯಾದಗಿರಿಯ ಗಂಡ, ಸುರಪುರದ ಹೆಂಡತಿ ಎಂಬ ಜೋಡಣೆ ಪ್ರವಾಸಕ್ಕೆ ಎಲ್ಲಕ್ಕಿಂತ ಕಠಿಣ. ಒಬ್ಬರು ಹೊತ್ತು ನೋಡುತ್ತಿರುತ್ತಾರೆ, ಇನ್ನೊಬ್ಬರು ಶತಮಾನ.

ಎಲ್ಲಿಗೆ ಹೋಗುವುದು ಎಂಬುದು ಮನೆಯ ಹಿರಿಯರನ್ನು ನೋಡಿಕೊಂಡು ತೀರ್ಮಾನವಾಗುವ ವಿಷಯ. ಗೋವಾ ಎನ್ನುವಂತಿಲ್ಲ, ಆ ಹೆಸರಿಗೆ ನಡುಮನೆಯಲ್ಲಿ ಬೇರೆ ಅರ್ಥವಿದೆ. ಮಂಗಳೂರಿನ ದೊಡ್ಡ ಅನುಕೂಲವೆಂದರೆ ಅದು ಧರ್ಮಸ್ಥಳದ ಆಚೆ ಇರುವುದು. ಮನೆಯಲ್ಲಿ ಹೇಳುವ ಹೆಸರು ಧರ್ಮಸ್ಥಳ, ಟಿಕೀಟಿನ ಮೇಲಿನ ಹೆಸರು ಮಂಗಳೂರು. ಗುಡ್ಡವೂ ಬಂದರೂ ಒಂದೇ ಕಡೆ ಸಿಗುವ ಊರು ಎಂದು ಗಂಡ ಮೊಬೈಲಿನಲ್ಲಿ ತೋರಿಸಿದಾಗ, ಗುಡ್ಡ ಇಲ್ಲಿಲ್ಲವೇ ಎಂದು ಅತ್ತೆ ಕೇಳುವುದು ಸರಿಯಾದ ಪ್ರಶ್ನೆಯೇ. ಅವಳ ಎರಡನೆಯ ಪ್ರಶ್ನೆ ‘ಇಬ್ಬರೇ ಹೊಂಟೀರೇನು, ಜತಿಗಿ ಯಾರೂ ಇಲ್ಲಾ?’ ಮೂರನೆಯದು ಚೀಲ ಬಂದ ದಿನ ಕೇಳುವಂಥದ್ದು: ‘ಬೆನ್ನಿಗಿ ಪಾಟಿಚೀಲ ಹಾಕ್ಕೊಂಡು ಇಬ್ಬರೂ ಸಾಲಿಗಿ ಹೊಂಟೀರೇನು?’

ಚೀಲ ಕಲಬುರಗಿಯಿಂದಲೋ ಆನ್‌ಲೈನಿನಿಂದಲೋ ಬರುತ್ತದೆ. ಅರವತ್ತು ಲೀಟರಿನದು ಎಂದು ಅದರ ಮೇಲೆ ಬರೆದಿರುತ್ತದೆ. ಲೀಟರಿನಲ್ಲಿ ಅಳೆಯುವ ಚೀಲ ಹಾಲಿಗೋ ಎಣ್ಣೆಗೋ ಎಂಬ ಚರ್ಚೆ ಮನೆಯಲ್ಲಿ ಎರಡು ದಿನ ನಡೆಯುತ್ತದೆ. ಸೊಂಟಕ್ಕೊಂದು, ಎದೆಗೊಂದು ಪಟ್ಟಿ. ಉಳಿದ ನಾಲ್ಕು ಪಟ್ಟಿಗಳು ಯಾತಕ್ಕೆಂದು ಕೊನೆಯವರೆಗೂ ತಿಳಿಯುವುದಿಲ್ಲ, ಜೋತಾಡಿಕೊಂಡಿರುತ್ತವೆ. ಹಗುರ ಪ್ರಯಾಣವೇ ಈ ಪಂಥದ ಮೂಲಮಂತ್ರ ಎಂದು ಗಂಡ ಓದಿರುತ್ತಾನೆ. ಆದ್ದರಿಂದ ಎರಡೇ ಜೊತೆ ಬಟ್ಟೆ. ಉಳಿದ ಜಾಗಕ್ಕೆ ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಒಂದು ಪಾವು ಕುಸುಬಿ ಎಣ್ಣೆ, ಬೆಲ್ಲ, ಎರಡು ಉಳ್ಳಾಗಡ್ಡಿ, ಅತ್ತೆ ತುರುಕಿದ ಇನ್ನಾರು ಉಳ್ಳಾಗಡ್ಡಿ. ‘ಆ ಕಡಿ ಮಂದಿ ಎಲ್ಲಾದಕ್ಕೂ ಟೆಂಗಿನೆಣ್ಣಿ ಹಾಕ್ತಾರಂತ’ ಎಂಬ ಒಂದು ಮಾತು ಚೀಲದ ತೂಕವನ್ನು ಎಂಟು ಕಿಲೊ ಏರಿಸುತ್ತದೆ.

ಹೊರಡುವ ಮುನ್ನ ತಾಲೀಮು. ಸುರಪುರದಲ್ಲಿ ಇದಕ್ಕೆ ಬೇರೆ ಏರ್ಪಾಡು ಬೇಡ. ಊರೇ ಗುಡ್ಡಗಳ ಬೊಗಸೆಯಲ್ಲಿದೆ, ಯಾವ ಓಣಿ ಹಿಡಿದರೂ ತಾಲೀಮೇ. ಚೀಲಕ್ಕೆ ಐದಾರು ಕಿಲೊ ಜೋಳ ತುಂಬಿ, ಸಂಜೆ ಹೊತ್ತು ಟೇಲರ್ ಮಂಜಿಲ್ ದಾರಿಯಲ್ಲಿ ಹತ್ತಿ ಇಳಿಯುತ್ತಾರೆ. ಎದುರಾದ ಪರಿಚಯದವರು ‘ಗಿರಣಿಗಿ ಹೊಂಟೀರೇನ್ರಿ? ಗಿರಣಿ ಆ ಕಡಿ ಅದ’ ಎಂದು ದಾರಿ ತೋರಿಸುತ್ತಾರೆ. ಮೂರನೆಯ ದಿನ ಯಾರೋ ತಮ್ಮ ಮನೆಯ ಜೋಳವನ್ನೂ ಕೊಟ್ಟು ಕಳಿಸುವುದುಂಟು.

ಈ ಗುಡ್ಡಗಳಿಗೆ ಹೊರಗಿನಿಂದ ಬಂದ ಪ್ರವಾಸಿಗಳ ಕತೆಯೂ ದೊಡ್ಡದೇ. 1705ರಲ್ಲಿ ಎಂಬತ್ತಾರರ ಔರಂಗಜೇಬ್ ಸುರಪುರದ ಬದಿಯ ವಾಗಣಗೇರಾ ಕೋಟೆಗೆ ಬಂದಾಗ ಜೊತೆಗೆ ತಂದ ಸಾಮಾನು ಎಂದರೆ ಒಂದು ಸಾಮ್ರಾಜ್ಯ: ಡೇರೆಗಳ ಊರೇ ಅವನ ಬೆನ್ನ ಹಿಂದೆ ನಡೆಯುತ್ತಿತ್ತು. ಕೋಟೆ ಸಿಕ್ಕಿತು, ಕೋಟೆಯ ನಾಯಕ ಸಿಗಲಿಲ್ಲ. ಹಗುರವಾಗಿ ಓಡಾಡುವವನನ್ನು ಭಾರ ಹೊತ್ತವನು ಹಿಡಿಯಲಾರ ಎಂಬುದಕ್ಕೆ ಸುರಪುರದ ಗಂಡ ಈ ಉದಾಹರಣೆ ಕೊಟ್ಟು, ಎರಡು ಉಳ್ಳಾಗಡ್ಡಿ ತೆಗೆದಿಡಲು ನೋಡುತ್ತಾನೆ. ಕರ್ನಲ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿಗೆ ಬಂದು 1853ರವರೆಗೆ ಇದ್ದ. ಬಾಲರಾಜ ವೆಂಕಟಪ್ಪ ನಾಯಕನ ಕಾಲದ ಆಡಳಿತ ನೋಡಿಕೊಂಡ, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಬಿಡುವಿನಲ್ಲಿ ಸುತ್ತಲಿನ ಹೊಲಗಳಲ್ಲಿದ್ದ ಬೃಹತ್ ಶಿಲೆಯ ಗೋರಿಗಳನ್ನೂ ಕಲ್ಲುಸಾಲುಗಳನ್ನೂ ಅಳೆದು ಬರೆದಿಟ್ಟ. ಅವನಿಗೆ ಮೊದಲೇ ಹೆಸರು ತಂದದ್ದು 1839ರಲ್ಲಿ ಅಚ್ಚಾದ ಠಕ್ಕರ ಕಾದಂಬರಿ. ದಾರಿಯಲ್ಲಿ ಸ್ನೇಹ ಬೆಳೆಸಿ, ಜೊತೆಯಲ್ಲಿ ಉಂಡು, ಕೊನೆಗೆ ಕರವಸ್ತ್ರದಿಂದ ಕುತ್ತಿಗೆ ಬಿಗಿಯುವವರ ಕತೆ ಅದು. ಅತ್ತೆ ಈ ಪುಸ್ತಕ ಓದಿದವಳಲ್ಲ. ಆದರೂ ಬಸ್ಸಿನಲ್ಲಿ ಯಾರು ಬಿಸ್ಕೀಟು ಕೊಟ್ಟರೂ ತಿನ್ನಬಾರದು ಎಂಬ ಅವಳ ಎಚ್ಚರಿಕೆಯ ಹಿಂದೆ ಟೇಲರ್ ಇಡೀ ಕಾದಂಬರಿಯಲ್ಲಿ ಹೇಳಿದ್ದೆಲ್ಲ ಇದೆ.

ಶಹಾಪುರ, ಸುರಪುರಗಳಿಗೆ ರೈಲಿಲ್ಲವಾದ್ದರಿಂದ ಪ್ರಯಾಣ ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಪ್ರಕಾರ ಹೆಣ್ಣುಮಕ್ಕಳಿಗೆ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿಲ್ಲ. ಹೀಗಾಗಿ ಜೋಡಿಯಲ್ಲಿ ಒಬ್ಬಳು ಪುಕ್ಕಟೆ, ಒಬ್ಬ ರೊಕ್ಕದವ. ಕಡಿಮೆ ಖರ್ಚಿನ ಪ್ರವಾಸವೇ ತಮ್ಮ ಸಿದ್ಧಾಂತ ಎಂದು ಗಂಡ ಎಷ್ಟು ಹೇಳಿದರೂ, ಖರ್ಚಿನಲ್ಲಿ ಕಡಿಮೆಯಾದ ಅರ್ಧ ಹೆಂಡತಿಯ ಆಧಾರ್ ಕಾರ್ಡಿನದು. ಈ ವಿಷಯ ಅವಳು ದಾರಿಯುದ್ದಕ್ಕೂ ನೆನಪಿಸುತ್ತಾಳೆ.

ಊರ ಸ್ಟ್ಯಾಂಡಿನಲ್ಲಿ ಹತ್ತುವಾಗ ಅವಳು ಸೀರೆಯಲ್ಲಿ, ಅವನು ಇಸ್ತ್ರಿ ಪ್ಯಾಂಟಿನಲ್ಲಿ. ತಿಂಥಣಿ ಬ್ರಿಜ್ ಬರುವವರೆಗೆ ಬಸ್ಸಿನಲ್ಲಿ ಯಾರಾದರೊಬ್ಬ ನೆಂಟರು ಇದ್ದೇ ಇರುತ್ತಾರೆ. ಕೃಷ್ಣಾ ನದಿ ದಾಟುವಾಗ ಇಬ್ಬರೂ ಮೌನೇಶ್ವರನ ದಿಕ್ಕಿಗೆ ಕೈ ಮುಗಿದು, ಕಿಟಕಿಯಿಂದ ಒಂದೊಂದು ರೂಪಾಯಿ ಹೊಳೆಗೆ ಹಾಕುತ್ತಾರೆ. ಆಚೆ ದಂಡೆಯ ಮೊದಲ ದೊಡ್ಡ ಸ್ಟ್ಯಾಂಡಿನಲ್ಲಿ ವೇಷ ಬದಲಾಗುತ್ತದೆ. ಅವಳಿಗೆ ಟ್ರ್ಯಾಕ್ ಪ್ಯಾಂಟು, ಅವನಿಗೆ ಮೊಣಕಾಲಿನ ಚಡ್ಡಿ, ಇಬ್ಬರಿಗೂ ಒಂದೇ ಬಣ್ಣದ ಟೋಪಿ. ವಾಪಸು ಬರುವಾಗ ಇದೇ ನದಿಯ ಆಚೆ ದಂಡೆಯಲ್ಲೇ ಸೀರೆ ಮರಳಿ ಬರುತ್ತದೆ.

ಮಂಗಳೂರು ಮುಟ್ಟಿದ ಮೊದಲ ತಾಸಿನಲ್ಲಿ ಜೋಡಿಗೆ ಎದುರಾಗುವ ತೊಡಕು ಗುಡ್ಡ ಕಾಣದಿರುವುದು. ಸಗರನಾಡಿನ ಗುಡ್ಡ ಬತ್ತಲೆ. ಮೈಲಿ ದೂರದಿಂದ ಬಂಡೆ ಬಂಡೆಯೂ ಎಣಿಕೆಗೆ ಸಿಗುತ್ತದೆ. ಅಲ್ಲಿದೆ ಗುಡ್ಡ, ಇಲ್ಲಿದೆ ಊರು. ಮಂಗಳೂರಿನಲ್ಲಿ ಗುಡ್ಡದ ಮೇಲೆ ತೆಂಗು, ಹಲಸು, ಅಪಾರ್ಟ್‌ಮೆಂಟು, ಆಸ್ಪತ್ರೆ, ಕಾಲೇಜು ಎಲ್ಲ ಹತ್ತಿ ಕೂತು ಗುಡ್ಡವನ್ನೇ ಮುಚ್ಚಿಬಿಟ್ಟಿವೆ. ಕದ್ರಿ ಗುಡ್ಡದ ನಡುವೆ ನಿಂತು ಕದ್ರಿ ಗುಡ್ಡ ಎಲ್ಲಿ ಎಂದು ಕೇಳುವವರು ಈ ಕಡೆಯವರೇ. ಹೀಗೆ ಕಣ್ಣಿಗೆ ಸಿಗದ ಗುಡ್ಡ ಎರಡನೆಯ ದಿನ ಮೊಣಕಾಲಿಗೆ ಸಿಗುತ್ತದೆ. ಮೊಬೈಲಿನ ನಕಾಶೆಯಲ್ಲಿ ನೂರು ಮೀಟರ್ ಎಂದು ಕಾಣುವ ಜಾಗ ನೂರು ಮೀಟರೇ; ಅದರಲ್ಲಿ ಮುಂದಕ್ಕೆಷ್ಟು, ಮೇಲಕ್ಕೆಷ್ಟು ಎಂದು ಅದು ಹೇಳುವುದಿಲ್ಲ. ಹಂಪನಕಟ್ಟೆಯಿಂದ ಲೈಟ್‌ಹೌಸ್ ಗುಡ್ಡ ಹತ್ತಿ, ಬಲ್ಮಠಕ್ಕೆ ಸರಿದು, ಕದ್ರಿಗೆ ಏರಿ, ಬಿಜೈಗೆ ಇಳಿದು ಮತ್ತೆ ಏರಿದ ಮೇಲೆ, ಶಹಾಪುರದವನು ಮೂಗು ಹುಡುಕುವುದನ್ನು ಬಿಟ್ಟು ಮೂಗಿನಲ್ಲಿ ಉಸಿರಾಡುವುದನ್ನೂ ಬಿಡುತ್ತಾನೆ.

ಆಟೋ ಹಿಡಿಯೋಣ ಎಂದು ಹೆಂಡತಿ, ನಡೆಯಲೆಂದೇ ಬಂದದ್ದು ಎಂದು ಗಂಡ. ಈ ವಾದದ ನಡುವೆ ಸಿಟಿ ಬಸ್ಸು ಬಂದು ನಿಲ್ಲುತ್ತದೆ. ನಿಂತಿತು ಎಂಬುದು ಉತ್ಪ್ರೇಕ್ಷೆ. ಮಂಗಳೂರಿನ ಖಾಸಗಿ ಬಸ್ಸು ನಿಲ್ಲುವ ಯೋಚನೆ ಮಾಡುವಷ್ಟರಲ್ಲಿ ಹತ್ತಿಬಿಡಬೇಕು. ಒಳಗೆ ಕಂಡಕ್ಟರು ‘ದುಂಬು ಪೋಲೆ’ ಎನ್ನುತ್ತಾನೆ. ತುಳುವಿನಲ್ಲಿ ಮುಂದೆ ಹೋಗಿ ಎಂದರ್ಥ. ಊರಿನ ಬಸ್ಸಿನಲ್ಲಿ ಮೂವತ್ತು ವರ್ಷ ಇದೇ ಮಾತು ಕೇಳಿದವರಾದ್ದರಿಂದ ಭಾಷೆ ಬಾರದಿದ್ದರೂ ಇಬ್ಬರೂ ತಕ್ಷಣ ಮುಂದೆ ಹೋಗುತ್ತಾರೆ. ಹೆಂಡತಿ ಹೆಮ್ಮೆಯಿಂದ ಆಧಾರ್ ಕಾರ್ಡು ತೋರಿಸುತ್ತಾಳೆ. ಕಂಡಕ್ಟರು ಅದರ ಫೋಟೊ ನೋಡಿ, ಅವಳ ಮುಖ ನೋಡಿ, ಸರಿಯಿದೆ ಎಂದು ತಲೆಯಾಡಿಸಿ ರೊಕ್ಕ ಕೇಳುತ್ತಾನೆ. ಖಾಸಗಿ ಬಸ್ಸಿಗೆ ಶಕ್ತಿ ಇಲ್ಲ. ಇಡೀ ಪ್ರವಾಸದಲ್ಲಿ ಗಂಡ ಮನಸಾರೆ ನಗುವುದು ಈ ಒಂದು ಸಲ.

ನೋಡಬೇಕಾದ ಜಾಗಗಳಲ್ಲಿ ಅವರವರ ಊರು ಅವರವರನ್ನು ಕಾಡುತ್ತದೆ. ಕದ್ರಿ ಮಂಜುನಾಥನ ಗುಡಿಯಲ್ಲಿ 968ರ ಇಸವಿಯ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಶಹಾಪುರದವನು ಕೂತ ಆ ಮೂರ್ತಿಯನ್ನು ಬಹಳ ಹೊತ್ತು ನೋಡಿ ‘ನಮ್ಮಾಂವ ಮಲಕೊಂಡಾನ’ ಎನ್ನುತ್ತಾನೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಮಾಳಿಗೆಗಳನ್ನೆಲ್ಲ ತುಂಬಿರುವ ಚಿತ್ರಗಳು ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಡಿಸಿದವು. ಸುರಪುರದವಳು ಕತ್ತು ನೋಯುವವರೆಗೆ ನೋಡುತ್ತಾಳೆ, ಬಾಯಿ ತೆರೆದು ಮೆಚ್ಚುತ್ತಾಳೆ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ತಮ್ಮೂರಿನ ಗರುಡಾದ್ರಿ ಮನೆತನದವರು ಇದಕ್ಕಿಂತ ಸಣ್ಣ ಕುಂಚದಲ್ಲಿ ಬಂಗಾರ ಹಚ್ಚುತ್ತಿದ್ದರೆಂದು ಸೇರಿಸುತ್ತಾಳೆ. ಗುರುಪುರ ನದಿಯ ದಂಡೆಯಲ್ಲಿ, ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನು ಐದು ನಿಮಿಷದಲ್ಲಿ ಸುತ್ತಿ, ಕೋಟೆ ಎಲ್ಲಿ ಎಂದು ಕೇಳುವವರಲ್ಲಿ ಮೂರೂ ಊರಿನವರಿದ್ದಾರೆ. ಕೋಟೆ ವಿಷಯದಲ್ಲಿ ಸಗರನಾಡಿನವರನ್ನು ಮೆಚ್ಚಿಸುವುದು ಕಷ್ಟ.

ಅವರನ್ನು ನಿಜವಾಗಿ ಕಾಡುವುದು ಮನೆಗಳ ಮೇಲಿನ ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಕಾರ್ಖಾನೆ ಹಾಕಿ ಮಂಗಳೂರು ಹೆಂಚನ್ನು ಲೋಕಕ್ಕೆಲ್ಲ ಕಳಿಸಿದ ಚರಿತ್ರೆ ಗಂಡನಿಗೆ ಗೊತ್ತು. ಹೆಂಡತಿಯ ಪ್ರಶ್ನೆ ಬೇರೆ: ಇಷ್ಟು ಇಳಿಜಾರು ಮಾಳಿಗೆಯ ಮೇಲೆ ಬ್ಯಾಸಿಗ್ಯಾಗ ಈ ಮಂದಿ ಮಲಗೋದು ಹೆಂಗ? ಶೇಂಗಾ ಒಣಹಾಕೋದೆಲ್ಲಿ, ಸಂಡಿಗೆ ಇಡೋದೆಲ್ಲಿ, ಓಣಿಯ ಜಗಳ ನಿಂತು ನೋಡೋದೆಲ್ಲಿ? ಮೇ ತಿಂಗಳ ಸೆಕೆಯಲ್ಲಿ ಇಡೀ ಓಣಿ ಮಾಳಿಗೆ ಹತ್ತಿ ನಕ್ಷತ್ರದ ಕೆಳಗೆ ಮಲಗುವ ಊರಿನವಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಲ್ಲಿ ಮಾಳಿಗೆ ಎಂಬುದು ನೀರನ್ನು ಆದಷ್ಟು ಬೇಗ ಕೆಳಗೆ ಕಳಿಸುವ ಉಪಾಯ. ಅದರ ಕಾಲುಭಾಗವೂ ಮಳೆ ಬಾರದ ಯಾದಗಿರಿಯಲ್ಲಿ ಅದು ಇನ್ನೊಂದು ಅಂಗಳ.

ಊಟದ ವಿಷಯ ವಿವರವಾಗಿ ಹೇಳತಕ್ಕದ್ದು. ಮೊದಲ ದಿನ ಜೋಡಿ ಹೊರಗೆ ತಿನ್ನುವುದಿಲ್ಲ, ಚೀಲದ ರೊಟ್ಟಿ ತೆಗೆಯುತ್ತಾರೆ. ಖಡಕ್ ರೊಟ್ಟಿಯ ಜೀವ ಅದರ ಸದ್ದಿನಲ್ಲಿದೆ; ಮುರಿದರೆ ಪಕ್ಕದ ಮನೆಗೆ ಕೇಳಬೇಕು. ಊರಿನ ಒಣಗಾಳಿಯಲ್ಲಿ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಕರಾವಳಿಯ ಗಾಳಿಯಲ್ಲಿ ನೀರೇ ಹೆಚ್ಚು, ಒಣಗಿದ ರೊಟ್ಟಿ ಆ ತೇವವನ್ನೆಲ್ಲ ಹೀರುತ್ತದೆ. ಎರಡನೆಯ ದಿನ ಮುಂಜಾನೆ ಹೆಂಡತಿ ರೊಟ್ಟಿ ಮುರಿಯಲು ಹೋದರೆ ಅದು ಬಾಗುತ್ತದೆ. ಸದ್ದಿಲ್ಲ. ಮೂರನೆಯ ದಿನ ಕರ್ಚೀಫಿನ ಹಾಗೆ ನಾಲ್ಕು ಮಡಿಕೆ ಮಾಡಬಹುದು. ಇಬ್ಬರೂ ಕೆಲಹೊತ್ತು ಮಾತಾಡುವುದಿಲ್ಲ.

ಆ ದುಃಖದಲ್ಲಿ ಹೋಟೆಲಿನ ಪಟ್ಟಿಯ ಮೇಲೆ ಕಣ್ಣಾಡಿಸುವಾಗ ಕೋರಿ ರೊಟ್ಟಿ ಎಂಬ ಹೆಸರು ಕಾಣುತ್ತದೆ. ಮಾಂಸ ತಿನ್ನುವ ಜೋಡಿಯಾದರೆ ಹಿಂದುಮುಂದು ನೋಡದೆ ಅದನ್ನೇ ಹೇಳುತ್ತಾರೆ. ತಿನ್ನದವರು ಕೋರಿ ಎಂದರೆ ಕೋಳಿ ಎಂದು ತಿಳಿಯುವಷ್ಟರಲ್ಲಿ ಹೇಳಿಬಿಟ್ಟಿರುತ್ತಾರೆ. ಬಂದದ್ದು ಕಾಗದದಷ್ಟು ತೆಳ್ಳಗೆ, ಮುಟ್ಟಿದರೆ ಪಟಪಟ ಮುರಿಯುವ ರೊಟ್ಟಿ. ಆ ಸದ್ದು ಕೇಳಿ ಹೆಂಡತಿಯ ಕಣ್ಣು ಅರಳುತ್ತದೆ. ಒಂದು ಚೂರು ಬಾಯಿಗಿಟ್ಟು ‘ಇದು ಅಕ್ಕಿದು’ ಎನ್ನುತ್ತಾಳೆ. ಅದರ ಮೇಲೆ ಮಾಣಿ ಕೋಳಿ ಸಾರು ಸುರಿದ ಗಳಿಗೆಯಲ್ಲಿ ಅದೂ ಮೆತ್ತಗಾಗುತ್ತದೆ. ಕಷ್ಟಪಟ್ಟು ಖಡಕ್ ಮಾಡಿದ್ದನ್ನು ಬೇಕೆಂದೇ ಮೆತ್ತಗೆ ಮಾಡಿ ತಿನ್ನುವ ಈ ಪದ್ಧತಿ ಇವರ ತಿಳುವಳಿಕೆಗೆ ಮೀರಿದ್ದು, ಆದರೆ ತಟ್ಟೆ ಖಾಲಿಯಾಗುತ್ತದೆ. ನೀರುದೋಸೆ, ಗೋಳಿಬಜೆ, ಬನ್ಸು, ಗಡ್‌ಬಡ್ ಐಸ್‌ಕ್ರೀಮು, ಇವುಗಳ ವಿಷಯದಲ್ಲಿ ದೂರುಗಳಿಲ್ಲ. ಕುಚ್ಚಲಕ್ಕಿ ಅನ್ನವನ್ನು ಮಾತ್ರ ‘ಇನ್ನಾ ಬೆಂದಿಲ್ಲ’ ಎಂದು ಎರಡು ಸಲ ವಾಪಸು ಕಳಿಸಿದವರಿದ್ದಾರೆ.

ಬಂದರಿನದು ವಿಚಿತ್ರ. ಬಂದರು ಪಟ್ಟಣಕ್ಕೆ ಬಂದು ಬಂದರನ್ನು ನೋಡದೆ ಹೋಗುವುದು ಈ ಪ್ರವಾಸದ ಸಾಮಾನ್ಯ ಲಕ್ಷಣ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಎದ್ದ ನವಮಂಗಳೂರು ಬಂದರಿನೊಳಗೆ ಕಂಡಕಂಡವರನ್ನು ಬಿಡುವುದಿಲ್ಲ. ಬದಿಯ ಬೀಚಿನಲ್ಲಿ ನಿಂತು, ದೂರದಲ್ಲಿ ಪಾಳಿ ಕಾಯುತ್ತಾ ನಿಂತ ಹಡಗುಗಳನ್ನು ನೋಡಬಹುದು ಅಷ್ಟೆ. ಯಾದಗಿರಿಯವನು ಗೇಟಿನಲ್ಲಿ ಗೂಡ್ಸ್ ಗಾಡಿಯ 58 ಡಬ್ಬಿ ಎಣಿಸಿದ ಅಭ್ಯಾಸದಲ್ಲಿ ಹಡಗು ಎಣಿಸುತ್ತಾನೆ, ಆರಾಗುವಷ್ಟರಲ್ಲಿ ಮುಗಿಯುತ್ತದೆ. ಶಹಾಪುರದವನು ಇಷ್ಟೊಂದು ನೀರು ಯಾವ ಹೊಲಕ್ಕೂ ಹಾಯದೆ ನಿಂತಿರುವುದನ್ನು ನೋಡಿ ಮರುಗುತ್ತಾನೆ. ಸುರಪುರದವನು ಹಳೇ ಬಂದರಿನ ಧಕ್ಕೆಗೆ ಹೋಗಿ, ಮೀನಿನ ಬುಟ್ಟಿಗಳ ನಡುವೆ ಮೂಗು ಮುಚ್ಚಿಕೊಂಡು, ಅರಬ್ಬರು ಇಲ್ಲೇ ಇಳಿದದ್ದು ಎಂದು ವಿವರಿಸಲು ಹೋಗುತ್ತಾನೆ. ಮೂಗು ಮುಚ್ಚಿದ್ದರಿಂದ ಮಾತು ಸರಿಯಾಗಿ ಕೇಳುವುದಿಲ್ಲ.

ಮೂರನೆಯ ಅಥವಾ ನಾಲ್ಕನೆಯ ದಿನ ಪ್ರತಿ ಜೋಡಿಯೂ ದಾರಿ ತಪ್ಪುತ್ತದೆ. ಬಿಜೈಯಿಂದಲೋ ಉರ್ವಾದಿಂದಲೋ ಯಾವುದೋ ಒಳದಾರಿ ಹಿಡಿದು ಏರುತ್ತಾ ಏರುತ್ತಾ ಹೋದರೆ ಅದು ಹದಿನಾಲ್ಕು ಅಂತಸ್ತಿನ ಅರ್ಧ ಕಟ್ಟಿದ ಕಟ್ಟಡದ ಕೆಳಗೆ ಮುಗಿಯುತ್ತದೆ. ಸಿಮೆಂಟಿನ ತಗಡು ಹಿಡಿದ ಹೆಣ್ಣುಮಗಳೊಬ್ಬಳನ್ನು ಗಂಡ ತನ್ನ ಅತ್ಯುತ್ತಮ ಪುಸ್ತಕದ ಕನ್ನಡದಲ್ಲಿ ‘ಮೇಡಂ, ಕದ್ರಿ ಪಾರ್ಕಿಗೆ ಹೇಗೆ ಹೋಗಬೇಕು’ ಎಂದು ಕೇಳುತ್ತಾನೆ. ಅವಳು ಚೀಲದಿಂದ ಇಣುಕುವ ರೊಟ್ಟಿ ಗಂಟು ನೋಡಿ ‘ಯಾವೂರ್ರಿ ನಿಮ್ದು?’ ಎನ್ನುತ್ತಾಳೆ.

ಸುರಪುರ ಎಂದರೆ ಅವಳದು ಹುಣಸಗಿ ಬಾಜೂಕಿನ ಹಳ್ಳಿ. ಶಹಾಪುರ ಎಂದರೆ ಅವಳ ತವರು ವಡಗೇರಾ ಕಡೆ. ಯಾದಗಿರಿ ಎಂದರೆ ಗಂಡನ ಅಕ್ಕನನ್ನು ಕೊಟ್ಟದ್ದು ಅಲ್ಲೇ. ಇದು ಕಾಕತಾಳೀಯವಲ್ಲ. ಕಾಲುವೆ ಮುಟ್ಟದ ಹೊಲಗಳಿಂದ ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು, ಮಂಗಳೂರುಗಳಿಗೆ ಗುಳೆ ಹೋಗುವುದು ಈ ಜಿಲ್ಲೆಯಲ್ಲಿ ಎರಡು ಮೂರು ತಲೆಮಾರಿನ ರೂಢಿ. ಮಂಗಳೂರಿನವರು ಇವರನ್ನು ಒಟ್ಟಾರೆ ಘಟ್ಟದವರು ಎನ್ನುತ್ತಾರೆ. ಗುಡ್ಡ ಮುಚ್ಚಿದ ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ ಕೈಗಳಲ್ಲಿ ದೊಡ್ಡ ಪಾಲು ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು, ಯಾದಗಿರಿಗಳದು. ಗಂಡಹೆಂಡಿರು ಜೋಡಿಯಾಗಿ ಬರುತ್ತಾರೆ, ಮೊಹರಂಗೋ ಊರ ಜಾತ್ರೆಗೋ ಜೋಡಿಯಾಗಿ ಮರಳುತ್ತಾರೆ. ಸಾಮಾನು ಒಂದು ಯೂರಿಯಾ ಚೀಲದಲ್ಲಿ: ಹಾಸಿಗೆ, ಹಂಚು, ಕೊಣಮಿಗೆ, ಎರಡು ತಾಟು, ಕರಣಿ, ಓಲಂಬ. ಚೀಲದ ಎರಡು ತುದಿಗೆ ಹಗ್ಗ ಕಟ್ಟಿ ಬೆನ್ನಿಗೇರಿಸಿದರೆ ಎದೆಯ ಕಡೆ ಕೂಸಿಗೆ ಜಾಗ ಉಳಿಯುತ್ತದೆ. ಲೀಟರಿನ ಲೆಕ್ಕದಲ್ಲಿ ಅರವತ್ತಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ, ಬಳಸದ ಪಟ್ಟಿ ಒಂದೂ ಇರುವುದಿಲ್ಲ.

‘ಏನ್ ಕೆಲಸಕ್ಕ ಬಂದೀರಿ?’

‘ಕೆಲಸಕ್ಕಲ್ಲವ್ವಾ, ಸುಮ್ನ ನೋಡ್ಲಾಕ.’

‘ನೋಡ್ಲಾಕ? ಏನ್ ನೋಡ್ಲಾಕ?’

ಗಂಡ ಸುತ್ತ ಕೈ ತೋರಿಸಿ ಗುಡ್ಡ ಎನ್ನುತ್ತಾನೆ.

‘ಗುಡ್ಡ ಊರಾಗ ಇಲ್ಲೇನ್ರಿ?’

ಅತ್ತೆಯ ಪ್ರಶ್ನೆಯೇ ಘಟ್ಟ ಇಳಿದು ಬಂದು ಕಾದು ಕೂತಿತ್ತು. ಉತ್ತರ ಹುಡುಕುವ ಮುಂಚೆ ಅವಳು ಒಳಗೆ ಕರೆದು, ಮೂರು ಇಟ್ಟಿಗೆಯ ಒಲೆಯ ಮುಂದೆ ಸಿಮೆಂಟ್ ಚೀಲ ಹಾಸಿ ಕೂರಿಸುತ್ತಾಳೆ. ಆ ಹೊತ್ತಿಗೆ ಮೀನಿನ ಬುಟ್ಟಿ ಹೊತ್ತ ಹೆಂಗಸು ಬರುತ್ತಾಳೆ. ಹುಣಸಗಿ ಕಡೆಯವಳು ಅವಳ ಜೊತೆ ಲೀಲಾಜಾಲವಾಗಿ ತುಳುವಿನಲ್ಲಿ ಚೌಕಾಸಿ ಮಾಡಿ ಬಂಗುಡೆ ತೆಗೆದುಕೊಳ್ಳುತ್ತಾಳೆ. ಎಷ್ಟು ವರ್ಷವಾಯಿತು ಬಂದು ಎಂದರೆ, ದೊಡ್ಡ ಹುಡುಗಿ ಇಲ್ಲೇ ಹುಟ್ಟಿದ್ದು ಎಂಬ ಉತ್ತರ. ಯಾವ ಬಸ್ಸು ಎಲ್ಲಿಗೆ, ಯಾವ ಏರು ಬಿಟ್ಟು ಯಾವ ಏರು ಹತ್ತಿದರೆ ಮೊಣಕಾಲು ನೋಯುವುದಿಲ್ಲ, ಮಳೆ ಬಂದರೆ ಯಾವ ಇಳಿಜಾರಿನಲ್ಲಿ ನೀರು ನುಗ್ಗುತ್ತದೆ, ಹದಿನಾಲ್ಕನೇ ಅಂತಸ್ತಿನಿಂದ ಯಾವ ದಿಕ್ಕಿಗೆ ಸಮುದ್ರ ಕಾಣುತ್ತದೆ, ಎಲ್ಲ ಅವಳಿಗೆ ಗೊತ್ತು. ಅಲ್ಲಿಂದ ನೋಡಿದರೆ ಬಂದರೂ ಕಾಣುತ್ತದಂತೆ. ‘ಹೊತ್ತು ಮುಳುಗೋ ಮುಂದ ಛಂದ ಕಾಣ್ತದ, ಆದ್ರ ಆವಾಗ ಕೆಲಸ ಇರ್ತದ್ರಿ.’

ಬಿಸಿ ಹಂಚಿನಿಂದ ಇಳಿದ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಖಾರ. ಹೆಂಡತಿ ತನ್ನ ಗಂಟಿನ ಮೆತ್ತಗಾದ ರೊಟ್ಟಿಗಳನ್ನು ನಾಚಿಕೆಯಿಂದ ಹೊರತೆಗೆದರೆ, ಅವಳು ಅವನ್ನೂ ಹಂಚಿನ ಮೇಲೆ ಹಾಕಿ ಎರಡೂ ಬದಿ ಕಾಯಿಸಿ ಮತ್ತೆ ಖಡಕ್ ಮಾಡಿಕೊಡುತ್ತಾಳೆ. ಕರಾವಳಿಯಲ್ಲಿ ರೊಟ್ಟಿ ಇಡುವ ಕ್ರಮ ಬೇರೆಯಂತೆ, ಒಲೆಯ ಮೇಲಿನ ಹಲಗೆಗೆ ತೂಗುಹಾಕಬೇಕಂತೆ. ಈ ಪ್ರವಾಸದಲ್ಲಿ ತೆಗೆದ ನಾನೂರು ಚಿಲ್ಲರೆ ಫೋಟೊಗಳಲ್ಲಿ ಈ ಊಟದ್ದು ಒಂದೂ ಇರುವುದಿಲ್ಲ; ಇಬ್ಬರ ಕೈಯೂ ಎಂಜಲಾಗಿತ್ತು.

ಮರಳುವಾಗ ಧರ್ಮಸ್ಥಳಕ್ಕೆ ಹೋಗಲೇಬೇಕು, ಮನೆಯಲ್ಲಿ ಹೇಳಿದ್ದು ಅದನ್ನೇ. ಖಾಲಿಯಾದ ಚೀಲದಲ್ಲಿ ಬಾಳೆಹಣ್ಣಿನ ಹಲ್ವಾ, ಗೋಡಂಬಿ, ಪ್ರಸಾದ, ಒಂದು ಕೊಟ್ಟೆ ಕಪ್ಪೆಚಿಪ್ಪು, ಹುಣಸಗಿ ಕಡೆಯವಳು ತನ್ನ ಊರಿನ ಅವ್ವನಿಗೆ ಕೊಡಲು ಕೊಟ್ಟ ಒಂದು ಸೀರೆ, ಎರಡು ಸಾವಿರ ರೂಪಾಯಿ. ಈ ಕೊನೆಯದನ್ನು ಗಂಡ ಎದೆಯ ಪಟ್ಟಿಯ ಒಳಗಿನ ಗುಪ್ತ ಕಿಸೆಯಲ್ಲಿ ಇಡುತ್ತಾನೆ. ಆ ಕಿಸೆ ಯಾತಕ್ಕೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಚೀಲಕ್ಕೆ ವರ್ಷಗಟ್ಟಲೆ ಎರಡನೆಯ ಪ್ರವಾಸ ಸಿಗುವುದಿಲ್ಲ. ಕೆಲವು ದಿನ ಗೂಟಕ್ಕೆ ನೇತಾಡುತ್ತದೆ, ಕೆಲವು ದಿನ ಉಳ್ಳಾಗಡ್ಡಿ ತುಂಬಿಕೊಂಡು ಮೂಲೆಯಲ್ಲಿರುತ್ತದೆ. ಕಡೆಗೆ ಅದು ಅತ್ತೆಯ ವಶವಾಗುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೊರಟ ಅತ್ತೆ ಅದರಲ್ಲಿ ಕಾಯಿ, ಕರ್ಪೂರ, ಬುತ್ತಿ ತುಂಬಿ, ಕಿಸೆಗಳ್ಳರ ಭಯಕ್ಕೆ ಬೆನ್ನ ಬದಲು ಎದೆಗೆ ಹಾಕಿಕೊಳ್ಳುತ್ತಾಳೆ. ಶಕ್ತಿ ಬಂದ ಮೇಲೆ ಜಾತ್ರೆಯ ಬಸ್ಸಿನ ಬಾಗಿಲಿಗೆ ಹೋಗುವುದೇ ಕಷ್ಟ. ಸೀಟು ಹಿಡಿಯುವುದು ಕಿಟಕಿಯಿಂದ. ಮೊದಲು ಟವೆಲ್ಲೋ ಕರ್ಚೀಫೋ ಹಾಕುತ್ತಿದ್ದರು, ಒಳಗಿದ್ದವರು ಅದನ್ನು ಬೆರಳಲ್ಲಿ ಎತ್ತಿ ಕೆಳಗೆ ಬಿಸಾಕುತ್ತಿದ್ದರು. ಅರವತ್ತು ಲೀಟರಿನ ಚೀಲವನ್ನು ಕಿಟಕಿಯಿಂದ ತೂರಿ ಎರಡು ಸೀಟಿನ ಮೇಲೆ ಕೆಡವಿದರೆ ಯಾರೂ ಮುಟ್ಟುವುದಿಲ್ಲ. ಜೋತಾಡುವ ಪಟ್ಟಿಗಳನ್ನು ಅತ್ತೆ ಕಿಟಕಿಯ ಸರಳಿಗೆ ಗಂಟು ಹಾಕಿ, ನಿಧಾನಕ್ಕೆ ಬಾಗಿಲ ಕಡೆ ನಡೆಯುತ್ತಾಳೆ.